ನೀರು ಕುದಿಸಲು ಬಂದರೆ ಸಾಕು

ಕೊಪ್ಪಳ ಜಿಲ್ಲೆಯಲ್ಲೂ ಒಂದು ಮಂಗಳೂರಿದೆ ಎಂದರೆ ಹೊರಗಿನವರು ನಗುತ್ತಾರೆ. ಕಡಲಿಲ್ಲದ, ಮೀನಿಲ್ಲದ ಮಂಗಳೂರು ಅದು. ಜೋಳ, ಕಡಲೆ ಬೆಳೆಯುವ ಯಲಬುರ್ಗಾ ಸೀಮೆಯ ಊರು. ಕೆಲವು ವರ್ಷಗಳ ಹಿಂದೆ ಫೆಬ್ರುವರಿಯ ಒಂದು ಸಂಜೆ ಅಲ್ಲಿಯ ನೆಂಟರ ಮನೆಯಲ್ಲಿದ್ದೆ. ಕಡಲೆ ಕೀಳುವ ಕಾಲ. ಮನೆಯ ಯಜಮಾನಿ ಹೊಲದಿಂದ ಬಂದು ಸೊಂಟ ನೇರ ಮಾಡಿಕೊಳ್ಳುವಷ್ಟರಲ್ಲಿ ಏಳು ಗಂಟೆ. ಹತ್ತನೆಯ ತರಗತಿಯ ಮಗಳು ಗಣಿತದ ಪುಸ್ತಕ ಮುಚ್ಚಿ, ಹಿಟ್ಟಿನ ಡಬ್ಬಿ ತೆಗೆದು, ಒಲೆಯ ಮುಂದೆ ಕುಳಿತಳು. ಅವಳಿಗಿಂತ ಎರಡು ವರ್ಷ ಚಿಕ್ಕವನಾದ ತಮ್ಮ ಗೋಡೆಗೆ ಒರಗಿ ತನ್ನ ಪಾಠ ಓದಿಕೊಳ್ಳುತ್ತಿದ್ದ.

ನಾನು ಸುಮ್ಮನೆ ಲೆಕ್ಕ ಹಾಕಿದೆ. ಐದು ಜನಕ್ಕೆ ತಲಾ ಮೂರು, ಬೆಳಗಿನ ಬುತ್ತಿಗೆ ಹತ್ತು: ಒಟ್ಟು ಇಪ್ಪತ್ತೈದು ರೊಟ್ಟಿ. ಹಿಟ್ಟು ನಾದಿ, ಬಡಿದು, ನೀರು ಸವರಿ ಬೇಯಿಸಲು ಒಂದಕ್ಕೆ ಎರಡೂವರೆ ನಿಮಿಷ ಎಂದರೂ ಒಂದು ಗಂಟೆಗೆ ಮೇಲಾಯಿತು. ಪಲ್ಯ ಬೇರೆ, ಪಾತ್ರೆ ಬೇರೆ. ಎಲ್ಲ ಮುಗಿದು ಒಂಬತ್ತಕ್ಕೆ ಪುಸ್ತಕ ತೆರೆದ ಹುಡುಗಿ ಹತ್ತು ನಿಮಿಷದಲ್ಲಿ ಅದರ ಮೇಲೆಯೇ ತಲೆಯಿಟ್ಟು ಮಲಗಿಬಿಟ್ಟಳು.

‘ತಮ್ಮನಿಗೂ ಒಂದಿಷ್ಟು ಕೆಲಸ ಹಚ್ಚಬಾರದೇ?’ ಎಂದು ಕೇಳಿದೆ.

‘ಅವಗ ರೊಟ್ಟಿ ಬಡಿಯಾಕ ಎಲ್ಲಿ ಬರ್ತದ್ರೀ?’ ಎಂದರು ತಾಯಿ.

ಮಾತು ಸುಳ್ಳಲ್ಲ. ಜೋಳದ ರೊಟ್ಟಿ ಕೈಗೆ ಹತ್ತಲು ವರ್ಷಗಳು ಬೇಕು. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗುಟಿಲ್ಲ. ಬಿಸಿನೀರಿನ ಹದ, ಅಂಗೈಯ ಹದ ಎರಡೂ ಕೂಡಿದರೆ ಮಾತ್ರ ಅದು ಬಿರಿಯದೆ ಅಗಲವಾಗುತ್ತದೆ. ಆದರೆ ಆ ಹದ ಹುಡುಗಿಗೆ ಹುಟ್ಟಿನಿಂದ ಬಂದದ್ದಲ್ಲ, ಕೂರಿಸಿ ಕಲಿಸಿದ್ದರಿಂದ ಬಂದದ್ದು. ಪರೀಕ್ಷೆಗೆ ಒಂದು ತಿಂಗಳಿರುವಾಗ ಹುಡುಗನಿಗೆ ರೊಟ್ಟಿ ಕಲಿಸಲು ಹೊರಡುವುದು ಆಗದ ಕೆಲಸ. ಹಾಗಾದರೆ ವಾರದಲ್ಲಿ ಎರಡು ಮೂರು ರಾತ್ರಿಯಾದರೂ ಯಾರು ಬೇಕಾದರೂ ಮಾಡಬಹುದಾದ ಊಟ ಯಾವುದು? ನನ್ನ ಕಣ್ಣು ಅಟ್ಟದ ಮೇಲಿನ ಡಬ್ಬಿಯ ಕಡೆ ಹೋಯಿತು. ಹಿಂದಿನ ಬೇಸಿಗೆಯಲ್ಲಿ ಒಣಗಿಸಿಟ್ಟ ಶಾವಿಗೆ ಅರ್ಧ ಡಬ್ಬಿ ಹಾಗೆಯೇ ಇತ್ತು.

ನಮ್ಮ ಮನೆಯ ಪಾಸ್ತಾ

ಪಾಸ್ತಾ ಎಂದೊಡನೆ ನಮ್ಮ ಮಕ್ಕಳಿಗೆ ಪೇಟೆಯ ಹೊಳೆಯುವ ಪೊಟ್ಟಣ ನೆನಪಾಗುತ್ತದೆ. ಅಸಲಿಗೆ ಪಾಸ್ತಾ ಎಂದರೇನು? ಗಟ್ಟಿ ಗೋಧಿಯ ರವೆಯನ್ನು ನೀರಲ್ಲಿ ನಾದಿ, ಎಳೆಯಾಗಿಯೋ ಕೊಳವೆಯಾಗಿಯೋ ಒತ್ತಿ, ಒಣಗಿಸಿಟ್ಟುಕೊಂಡು, ಬೇಕಾದಾಗ ಕುದಿಯುವ ನೀರಿಗೆ ಹಾಕುವ ಪದಾರ್ಥ. ನಮ್ಮ ಶಾವಿಗೆಯೂ ಅದೇ. ಪಾಯಸಕ್ಕೆಂದು ಕೈಯಲ್ಲಿ ಹೊಸೆದು ಒಣಗಿಸಿಡುವ ಗೌಲಿ, ಪರಡಿಗಳೂ ಅದೇ ಬಳಗ.

ಮಾರ್ಕೊ ಪೋಲೊ ಚೀನದಿಂದ ಪಾಸ್ತಾವನ್ನು ಇಟಲಿಗೆ ತಂದ ಎಂಬ ಕಥೆಯನ್ನು ನೀವು ಓದಿರಬಹುದು. ಅವನು ಊರಿಗೆ ಮರಳಿದ್ದು 1295ರಲ್ಲಿ. ಅದಕ್ಕೂ ಮೊದಲೇ, 1154ರಲ್ಲಿ, ಅಲ್ ಇದ್ರಿಸಿ ಎಂಬ ಅರಬ್ ಭೂಗೋಳಜ್ಞ ಸಿಸಿಲಿ ದ್ವೀಪದಲ್ಲಿ ಎಳೆ ಪಾಸ್ತಾ ಮಾಡಿ ಹಡಗಿನಲ್ಲಿ ಹೊರಗೆ ಕಳಿಸುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ನಮ್ಮ ಕಡೆಯ ದಾಖಲೆ ಇನ್ನೂ ಹಳೆಯದು. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಶಾವಿಗೆ ಮಾಡುವ ಬಗೆಯೂ ಅದನ್ನು ಒತ್ತುವ ಅಚ್ಚಿನ ಪ್ರಸ್ತಾಪವೂ ಇವೆ. ಅದು ಚಾಳುಕ್ಯರ ಕಾಲ. ಮಂಗಳೂರಿನಿಂದ ದೂರವಲ್ಲದ ಇಟಗಿಯಲ್ಲಿ ಮಹಾದೇವ ದೇವಾಲಯ ಎದ್ದದ್ದು 1112ರಲ್ಲಿ. ಅಂದರೆ ಆ ಗುಡಿಗಿಂತ ಶಾವಿಗೆಯ ಬರಹವೇ ಹಿರಿಯದು!

ಗೋಧಿಯ ವಿಷಯದಲ್ಲೂ ನಂಟಿದೆ. ಇಟಲಿಯಲ್ಲಿ ತಯಾರಾಗುವ ಒಣ ಪಾಸ್ತಾ ಡ್ಯೂರಮ್ ಎಂಬ ಗಟ್ಟಿ ಗೋಧಿಯ ರವೆಯದೇ ಆಗಿರಬೇಕೆಂದು ಅಲ್ಲಿ 1967ರಲ್ಲಿ ಕಾನೂನೇ ಆಯಿತು. ನಮ್ಮ ಉತ್ತರ ಕರ್ನಾಟಕದ ಒಳ್ಳೆಯ ಶಾವಿಗೆಗೆ ಹಿರಿಯರು ಹುಡುಕುವುದು ಜವೆಗೋಧಿ. ಕೆಲವು ಕಡೆ ಸದಕ, ಖಪಲಿ ಎಂದೂ ಹೆಸರು. ಈ ಜವೆಗೋಧಿ ಡ್ಯೂರಮ್‌ನ ಪೂರ್ವಜ. ವಿಜ್ಞಾನದ ವಿದ್ಯಾರ್ಥಿಗಳು ಗಮನಿಸಿ: ಎರಡರಲ್ಲೂ 28 ವರ್ಣತಂತುಗಳು, ಚಪಾತಿಯ ಗೋಧಿಯಲ್ಲಿ 42. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಜವೆಗೋಧಿಯಲ್ಲಿ ಡಿ.ಡಿ.ಕೆ. 1025, ಡಿ.ಡಿ.ಕೆ. 1029 ಮೊದಲಾದ ತಳಿಗಳನ್ನೂ ಕೊಟ್ಟಿದೆ.

ಅಂದಮೇಲೆ ಪೊಟ್ಟಣದ ಪಾಸ್ತಾ ಬೇಡವೆಂದಲ್ಲ. ಈಗ ಕೊಪ್ಪಳ, ಗಂಗಾವತಿಯ ಅಂಗಡಿಗಳಲ್ಲೂ ಸಿಗುತ್ತದೆ. ಕೊಳ್ಳುವಾಗ ಹಿಂಬದಿಯ ಸಣ್ಣ ಅಕ್ಷರ ಓದಿರಿ. ಡ್ಯೂರಮ್ ಗೋಧಿ ರವೆ ಎಂದಿದ್ದರೆ ಒಳ್ಳೆಯದು. ಬರೀ ಮೈದಾ ಇದ್ದರೆ ಬೇಗ ಮುದ್ದೆಯಾಗುತ್ತದೆ. ಎರಡು ನಿಮಿಷದ ನೂಡಲ್ಸ್ ಬೇರೆ ಜಾತಿಯದು. ಬಹುತೇಕ ಅದು ಎಣ್ಣೆಯಲ್ಲಿ ಕರಿದು ಒಣಗಿಸಿದ ಮೈದಾ. ಜತೆಗಿರುವ ಮಸಾಲೆಯಲ್ಲಿ ಉಪ್ಪು ಧಾರಾಳ. ದಿನಕ್ಕೆ ಒಟ್ಟು 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಎಂದೋ ಒಮ್ಮೆ ತಿಂದರೆ ಚಿಂತೆಯಿಲ್ಲ, ಅದೇ ರಾತ್ರಿಯೂಟ ಆಗಬಾರದು.

ಮೊದಲು ಕಲಿಯಬೇಕಾದದ್ದು

ಶಾವಿಗೆಗೂ ಪಾಸ್ತಾಕ್ಕೂ ನಿಯಮ ಒಂದೇ: ನೀರು ಧಾರಾಳವಾಗಿರಲಿ, ಭರದಿಂದ ಕುದಿಯುತ್ತಿರಲಿ. ನೂರು ಗ್ರಾಂಗೆ ಒಂದು ಲೀಟರ್ ನೀರು, ಲೀಟರಿಗೆ ಒಂದು ಮಟ್ಟಸ ಟೀ ಚಮಚ ಉಪ್ಪು. ನೀರು ಕುದಿಯುವ ಮೊದಲೇ ಹಾಕಿದರೆ ಅಂಟುತ್ತದೆ. ಹಾಕಿದ ಕೂಡಲೇ ಒಮ್ಮೆ ಕೈಯಾಡಿಸಿ. ತೆಳು ಶಾವಿಗೆಗೆ ಎರಡು ಮೂರು ನಿಮಿಷ, ಪಾಸ್ತಾಕ್ಕೆ ಪೊಟ್ಟಣದ ಮೇಲೆ ಬರೆದಷ್ಟು ಹೊತ್ತು. ಒಂದು ಎಳೆ ತೆಗೆದು ಕಚ್ಚಿ ನೋಡಿ. ಹಸಿ ಹಿಟ್ಟಿನ ರುಚಿ ಹೋಗಿ, ಹಲ್ಲಿಗೆ ತುಸು ತಾಗುವಂತಿದ್ದರೆ ಹದ ಬಂತು. ಹೀಗೆ ಬೆಂದದ್ದು ಮುದ್ದೆಯಾದದ್ದಕ್ಕಿಂತ ಮೆಲ್ಲಗೆ ಜೀರ್ಣವಾಗುತ್ತದೆ. ಓದಲು ಕುಳಿತವರಿಗೆ ಬೇಗ ಹಸಿವಾಗುವುದಿಲ್ಲ.

ಬಸಿಯುವ ಮುನ್ನ ಆ ನೀರನ್ನು ಒಂದು ಲೋಟ ತೆಗೆದಿಡಿ. ಅದರಲ್ಲಿ ಪಿಷ್ಟ ಇಳಿದಿರುತ್ತದೆ. ಒಗ್ಗರಣೆಗೋ ಗೊಜ್ಜಿಗೋ ಸೇರಿಸಿದರೆ ಎಳೆಗೆ ಚೆನ್ನಾಗಿ ಹಿಡಿಯುತ್ತದೆ.

ಪಾಲಕರಿಗೆ ಒಂದು ಎಚ್ಚರಿಕೆ. ಕುದಿಯುವ ನೀರನ್ನು ಬಸಿಯುವುದು ಈ ಅಡುಗೆಯ ದೊಡ್ಡ ಅಪಾಯ. ಚಿಕ್ಕ ಮಕ್ಕಳಿಗೆ ಅದನ್ನು ಬಿಡಬೇಡಿ, ದೊಡ್ಡವರೇ ಬಸಿಯಿರಿ. ಪಾತ್ರೆ ಹಿಡಿಯಲು ದಪ್ಪನೆಯ ಹತ್ತಿಯ ಬಟ್ಟೆ ಇರಲಿ. ದುಪಟ್ಟಾದ ತುದಿಯಿಂದ ಹಿಡಿಯುವ ಅಭ್ಯಾಸ ಖಂಡಿತ ಬೇಡ.

ಇನ್ನು ಮೂರು ಬಗೆ ಹೇಳುತ್ತೇನೆ. ಅಳತೆ ನಾಲ್ಕು ಜನರಿಗೆ.

1. ಶೇಂಗಾ ಹಿಂಡಿಯ ಶಾವಿಗೆ (20 ನಿಮಿಷ)

ಬೇಕಾಗುವ ಸಾಮಗ್ರಿ: ಗೋಧಿ ಶಾವಿಗೆ 300 ಗ್ರಾಂ, ಶೇಂಗಾ ಹಿಂಡಿ ಎಂಟು ಚಮಚ, ಬೆಳ್ಳುಳ್ಳಿ ಎಂಟು ಎಸಳು, ಒಣಮೆಣಸಿನಕಾಯಿ ಎರಡು, ಈರುಳ್ಳಿ ಎರಡು, ಶೇಂಗಾ ಎಣ್ಣೆ ಮೂರು ಚಮಚ, ಸಾಸಿವೆ, ಕರಿಬೇವು, ನಿಂಬೆಹಣ್ಣು ಒಂದು, ಕೊತ್ತಂಬರಿ.

ಮಾಡುವ ವಿಧಾನ: ಮೂರು ಲೀಟರ್ ನೀರು ಕುದಿಯಲು ಇಡಿ. ಅದು ಕುದಿಯುವಷ್ಟರಲ್ಲಿ ಬೆಳ್ಳುಳ್ಳಿ, ಈರುಳ್ಳಿ ಹೆಚ್ಚಿಕೊಳ್ಳಿ. ಬಾಣಲೆಯಲ್ಲಿ ಎಣ್ಣೆ ಕಾಯಿಸಿ ಸಾಸಿವೆ, ಕರಿಬೇವು, ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ. ಬೆಳ್ಳುಳ್ಳಿ ಹೊಂಬಣ್ಣಕ್ಕೆ ಬಂದೊಡನೆ ಈರುಳ್ಳಿ ಹಾಕಿ ಬಾಡಿಸಿ. ಶಾವಿಗೆ ಬೇಯಿಸಿ ಬಸಿದು ಬಾಣಲೆಗೆ ಸುರಿಯಿರಿ. ಅರ್ಧ ಲೋಟ ಬಸಿದ ನೀರು, ಶೇಂಗಾ ಹಿಂಡಿ ಸೇರಿಸಿ ಹಗುರವಾಗಿ ಕಲಸಿ. ಹಿಂಡಿಯಲ್ಲಿ ಉಪ್ಪಿರುವುದರಿಂದ ರುಚಿ ನೋಡಿಯೇ ಮತ್ತೆ ಉಪ್ಪು ಹಾಕಿ. ಒಲೆ ಆರಿಸಿ ನಿಂಬೆರಸ ಹಿಂಡಿ. ಇಟಲಿಯವರು ಎಣ್ಣೆ, ಬೆಳ್ಳುಳ್ಳಿ, ಮೆಣಸಿನಕಾಯಿ ಮೂರರಲ್ಲೇ ಮಾಡುವ ಪಾಸ್ತಾ ಇದರ ಅಣ್ಣನೋ ತಮ್ಮನೋ. ಶೇಂಗಾ ಸೇರಿದ್ದರಿಂದ ನಮ್ಮದರಲ್ಲಿ ಪ್ರೋಟೀನು ಹೆಚ್ಚು.

2. ಬದನೆ–ಟೊಮೆಟೊ ಪಾಸ್ತಾ (30 ನಿಮಿಷ)

ಸಿಸಿಲಿಯ ಹೆಸರಾಂತ ಪಾಸ್ತಾಗಳಲ್ಲೊಂದು ಬದನೆಕಾಯಿಯದು ಎಂದರೆ ನಮ್ಮವರಿಗೆ ಸಂತೋಷವಾಗಬೇಕು. ಎಣ್ಣೆಗಾಯಿ ಬಲ್ಲವರಿಗೆ ಇದು ಹೊಸದೇನಲ್ಲ.

ಬೇಕಾಗುವ ಸಾಮಗ್ರಿ: ಡ್ಯೂರಮ್ ಪಾಸ್ತಾ 350 ಗ್ರಾಂ, ಎಳೆ ಬದನೆಕಾಯಿ ಆರು, ಹಣ್ಣು ಟೊಮೆಟೊ ಎಂಟು, ಬೆಳ್ಳುಳ್ಳಿ ಆರು ಎಸಳು, ಖಾರದ ಪುಡಿ ಒಂದು ಚಮಚ, ಬೆಲ್ಲ ಸಣ್ಣ ಚೂರು, ಎಣ್ಣೆ ನಾಲ್ಕು ಚಮಚ, ಉಪ್ಪು.

ಮಾಡುವ ವಿಧಾನ: ಬದನೆಕಾಯಿಯನ್ನು ಉದ್ದುದ್ದ ಹೆಚ್ಚಿ ಎರಡು ಚಮಚ ಎಣ್ಣೆಯಲ್ಲಿ ಕೆಂಪಗೆ ಹುರಿದು ತೆಗೆದಿಡಿ. ಉಳಿದ ಎಣ್ಣೆಯಲ್ಲಿ ಬೆಳ್ಳುಳ್ಳಿ, ಆಮೇಲೆ ಟೊಮೆಟೊ, ಖಾರ, ಉಪ್ಪು, ಬೆಲ್ಲ ಹಾಕಿ, ಎಣ್ಣೆ ಬಿಡುವವರೆಗೆ ಹದಿನೈದು ನಿಮಿಷ ಕುದಿಸಿ. ಪಕ್ಕದ ಒಲೆಯಲ್ಲಿ ಪಾಸ್ತಾ ಬೇಯಲಿ. ಬಸಿದ ಪಾಸ್ತಾ, ಬದನೆಕಾಯಿ, ಕಾಲು ಲೋಟ ಬಸಿದ ನೀರು ಎಲ್ಲವನ್ನೂ ಟೊಮೆಟೊ ಗೊಜ್ಜಿಗೆ ಸೇರಿಸಿ ಎರಡು ನಿಮಿಷ ಒಲೆಯ ಮೇಲಿಡಿ. ಚೀಸ್ ಇಲ್ಲವೆಂದು ಪೇಚಾಡಬೇಡಿ. ಹುರಿದ ಶೇಂಗಾ ಕುಟ್ಟಿ ಮೇಲೆ ಉದುರಿಸಿ. ಪಾಸ್ತಾ ಸಿಗದಿದ್ದರೆ ಶಾವಿಗೆಯೇ ಸಾಕು.

3. ಬೇಳೆಯ ಚಕೋಲಿ (40 ನಿಮಿಷ, ಹೆಚ್ಚಿನ ಹೊತ್ತು ಕಾಯುವುದಷ್ಟೇ)

ಬೇಕಾಗುವ ಸಾಮಗ್ರಿ: ಹೆಸರುಬೇಳೆ ಒಂದು ಬಟ್ಟಲು, ಗೋಧಿ ಹಿಟ್ಟು ಒಂದೂವರೆ ಬಟ್ಟಲು, ಮೆಂತ್ಯಸೊಪ್ಪು ಒಂದು ಹಿಡಿ, ಅರಿಶಿನ, ಖಾರದ ಪುಡಿ, ಹುಣಸೆರಸ, ಜೀರಿಗೆ, ಬೆಳ್ಳುಳ್ಳಿ, ಉಪ್ಪು, ಎಣ್ಣೆ.

ಮಾಡುವ ವಿಧಾನ: ಬೇಳೆಗೆ ಮೂರು ಬಟ್ಟಲು ನೀರು ಹಾಕಿ ಕುಕ್ಕರಿನಲ್ಲಿ ಮೂರು ಸೀಟಿ ಕೂಗಿಸಿ. ಅಷ್ಟರಲ್ಲಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ಚಪಾತಿಯಂತೆ ಲಟ್ಟಿಸಿ, ಚಾಕುವಿನಿಂದ ಶಂಕರಪೋಳಿಯ ಆಕಾರಕ್ಕೆ ಕತ್ತರಿಸಿ. ಚಪಾತಿ ದುಂಡಗೆ ಬರದಿದ್ದರೂ ಇಲ್ಲಿ ಯಾರೂ ನಗುವುದಿಲ್ಲ. ಆವಿ ಪೂರ್ತಿ ಇಳಿದ ಮೇಲೆ ಕುಕ್ಕರು ತೆರೆದು, ಇನ್ನೂ ಮೂರು ಬಟ್ಟಲು ನೀರು, ಮಸಾಲೆ, ಹುಣಸೆರಸ, ಸೊಪ್ಪು ಹಾಕಿ ಕುದಿಸಿ, ತುಂಡುಗಳನ್ನು ಒಂದೊಂದಾಗಿ ಬಿಡಿ. ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬೆಂದರೆ ಮುಗಿಯಿತು. ಮೇಲೆ ಜೀರಿಗೆ, ಬೆಳ್ಳುಳ್ಳಿಯ ಒಗ್ಗರಣೆ. ಬೇಳೆ, ಗೋಧಿ, ಸೊಪ್ಪು ಮೂರೂ ಒಂದೇ ಪಾತ್ರೆಯಲ್ಲಿ. ತೊಳೆಯುವ ಕೆಲಸವೂ ಕಡಿಮೆ. ಇಟಲಿಯಲ್ಲೂ ಕಡಲೆಯೊಂದಿಗೆ ಪಾಸ್ತಾ ಬೇಯಿಸಿ ಉಣ್ಣುವುದು ಸಾಮಾನ್ಯ ಜನರ ಹಳೆಯ ಊಟ.

ಅಜ್ಜಿಯ ಆಕ್ಷೇಪಣೆ

ಆ ರಾತ್ರಿ ನಾನು ಇಷ್ಟೆಲ್ಲ ಹೇಳಿದಾಗ ಮೂಲೆಯಲ್ಲಿ ಕುಳಿತಿದ್ದ ಅಜ್ಜಿ ಒಪ್ಪಲಿಲ್ಲ. ‘ಶಾವಿಗಿ ಅಂದ್ರ ಯುಗಾದಿಗೆ, ಬೀಗರು ಬಂದ್ರ ಮಾಡೂದು. ವಾರದಾಗ ಯಾರ್ ತಿಂತಾರವ್ವ?’ ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ನೆರೆಹೊರೆಯ ಹೆಂಗಸರು ಕೂಡಿ, ಮಣೆಯ ಮೇಲೆ ಹೊಸೆದು, ಕೋಲಿನ ಮೇಲೆ ಎಳೆ ಹಾಯಿಸಿ ಒಣಗಿಸಿದ ಶಾವಿಗೆಯನ್ನು ಕಂಡವರಿಗೆ ಅದು ಹಬ್ಬವೇ. ಆದರೆ ಈಗ ಬಹಳ ಕಡೆ ರವೆ ಒಯ್ದರೆ ಯಂತ್ರದಲ್ಲಿ ಒತ್ತಿಕೊಡುತ್ತಾರೆ. ಶ್ರಮ ಇಳಿದ ಮೇಲೆ ಅದನ್ನು ಹಬ್ಬದವರೆಗೆ ಕಾಯಿಸುವ ಕಾರಣವಿಲ್ಲ. ಹಬ್ಬದ್ದು ಹಾಲು ಬೆಲ್ಲದ ಶಾವಿಗೆ, ವಾರದ್ದು ಶೇಂಗಾ ಹಿಂಡಿಯದು ಎಂದು ಬೇರೆ ಮಾಡಿಕೊಂಡರಾಯಿತು.

ಜೋಳದ ರೊಟ್ಟಿಯನ್ನು ಬಿಡಿ ಎಂದು ನಾನು ಹೇಳುತ್ತಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ಊರೂರಿನಿಂದ ಗಾಡಿಗಟ್ಟಲೆ ರೊಟ್ಟಿ ಹೋಗುವ ನಾಡಿನಲ್ಲಿ ಅಂಥ ಮಾತಾಡುವ ಧೈರ್ಯ ಯಾರಿಗಿದೆ? ನಾಲ್ಕು ದಿನ ರೊಟ್ಟಿಯೇ ಇರಲಿ. ಮೂರು ದಿನ ಮಾತ್ರ ಬಿಡುವು ಕೊಡಿ. ರಾತ್ರಿಗೆ ಒಂದು ಗಂಟೆಯಂತೆ ವಾರಕ್ಕೆ ಮೂರು ಗಂಟೆ. ಪರೀಕ್ಷೆಗೆ ಮುಂಚಿನ ಎಂಟು ವಾರಗಳಲ್ಲಿ ಇಪ್ಪತ್ತನಾಲ್ಕು ಗಂಟೆ. ಒಂದಿಡೀ ಹಗಲು, ಒಂದಿಡೀ ರಾತ್ರಿ. ಅಷ್ಟನ್ನು ನಿಮ್ಮ ಮಗಳಿಗೆ ಯಾವ ಟ್ಯೂಷನ್ನೂ ಕೊಡಲಾರದು.

ಆದರೆ ಆ ಶಾವಿಗೆಯನ್ನೂ ಅವಳೇ ಮಾಡುವಂತಾದರೆ ಅರ್ಧ ಲಾಭವಷ್ಟೇ. ರೊಟ್ಟಿ ಬಡಿಯಲು ಬರುವುದಿಲ್ಲ ಎಂದು ಹುಡುಗರು, ಅವರ ಅಪ್ಪಂದಿರು ಹೇಳಬಹುದು. ನೀರು ಕುದಿಸಲು ಬರುವುದಿಲ್ಲ ಎಂದು ಯಾರೂ ಹೇಳಲಾರರು. ನಾಳೆ ಓದಲು ಧಾರವಾಡಕ್ಕೋ ಬೆಂಗಳೂರಿಗೋ ಹೋಗಿ ಕೋಣೆ ಮಾಡಿಕೊಂಡು ಇರುವ ಹುಡುಗನಿಗೆ ಈ ಮೂರು ಅಡುಗೆ ಬಂದರೆ ಹೋಟೆಲಿನ ಹಣ ಉಳಿಯುತ್ತದೆ, ಹೊಟ್ಟೆಯೂ ಉಳಿಯುತ್ತದೆ.

ಮರುದಿನ ಸಂಜೆ ಆ ತಮ್ಮನನ್ನೇ ಒಲೆಯ ಮುಂದೆ ನಿಲ್ಲಿಸಿದೆವು. ನೀರು ಬಸಿದದ್ದು ಅವನ ಅಪ್ಪ. ಅಕ್ಕ ಪುಸ್ತಕದಿಂದ ತಲೆಯೆತ್ತಿ ಒಮ್ಮೆ ನೋಡಿ, ಮತ್ತೆ ತಲೆ ತಗ್ಗಿಸಿದಳು. ಆ ತಿಂಗಳ ಕೊನೆಗೆ ಫೋನ್ ಮಾಡಿದಾಗ ತಾಯಿ ಹೇಳಿದರು: ‘ಮಂಗಳವಾರ, ಗುರುವಾರ ಅವನ ಪಾಳಿ. ಒಂದ್ಸಲ ಉಪ್ಪು ಜಾಸ್ತಿ ಹಾಕಿದ್ದ. ಅಜ್ಜಿ ಮಾತ್ರ ಎರಡು ಸಲ ಬಡಿಸಿಕೊಂಡ್ರು.’