ಸರಾಸರಿ ಮುದ್ದೆಯಿಂದ ಹೊಟ್ಟೆ ತುಂಬೋದಿಲ್ಲ

ಹಾಸ್ಟೆಲಿನ ಗೆಳೆಯರೇ,

ಹತ್ತು ಜನಕ್ಕೆ ಹತ್ತು ಮುದ್ದೆ. ಒಬ್ಬನೇ ಒಂಬತ್ತು ನುಂಗಿ, ಮಿಕ್ಕ ಒಂಬತ್ತು ಜನ ಒಂದನ್ನು ಹಂಚಿಕೊಂಡರೂ ಲೆಕ್ಕದ ಪುಸ್ತಕದಲ್ಲಿ 'ತಲೆಗೊಂದು ಮುದ್ದೆ' ಅಂತಲೇ ಬರೆಯಬಹುದು. ಸರ್ಕಾರ ಹೇಳುವ ತಲಾ ಆದಾಯವೂ ಇಂಥದೇ ಲೆಕ್ಕ.

2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದಿತು. ತೀರಾ ಹಿಂದುಳಿದ 39ರಲ್ಲಿ 21 ಅಂದಿನ ಗುಲ್ಬರ್ಗಾ ವಿಭಾಗದವು. ಆ ಅನ್ಯಾಯ ನಿಜ. ಹಾಗಂತ ಬೆಂಗಳೂರಿನ ಮಗ್ಗುಲಲ್ಲಿರುವ ಗ್ರಾಮಾಂತರದ ನಾವು ಉಳ್ಳವರಾಗಿಬಿಟ್ಟೆವಾ?

2008ರಲ್ಲಿ ದೇವನಹಳ್ಳಿಯ ನೆಲದಲ್ಲಿ ವಿಮಾನ ಇಳಿಯಿತು. ದೊಡ್ಡಬಳ್ಳಾಪುರ, ನೆಲಮಂಗಲ, ಹೊಸಕೋಟೆಗಳಲ್ಲಿ ಕಾರ್ಖಾನೆ, ಗೋದಾಮುಗಳು ಎದ್ದವು. ಅಲ್ಲಿ ಹುಟ್ಟುವ ಸಂಪತ್ತೆಲ್ಲ ಜಿಲ್ಲೆಯ ಲೆಕ್ಕಕ್ಕೆ ಬೀಳುತ್ತೆ. ಲಾಭ ಮಾತ್ರ ಮಾಲೀಕರಿರುವ ಕಡೆ ಹೋಗುತ್ತೆ. ನಮ್ಮ ಕೇರಿಗೆ ಬರೋದು ಗುತ್ತಿಗೆದಾರ ಕೊಡುವ ಕೂಲಿ: ಕಸ ಗುಡಿಸು, ಗೇಟು ಕಾಯಿ, ಮೂಟೆ ಹೊರು.

ದೇಶದಲ್ಲಿ ದುಡಿಯುವವರಲ್ಲಿ ನೂರಕ್ಕೆ ಸುಮಾರು 46 ಜನ 2023-24ರಲ್ಲೂ ಬೇಸಾಯವನ್ನೇ ನೆಚ್ಚಿದ್ದರು. ದೇಶದ ನೂರು ರೂಪಾಯಿ ಉತ್ಪನ್ನದಲ್ಲಿ ಬೇಸಾಯದ ಪಾಲು ಸುಮಾರು 18 ರೂಪಾಯಿ. ಅದರಲ್ಲೂ ಮೊದಲ ತುತ್ತು ಹೊಲ ಇದ್ದವನದು, ಕಡೇ ತುತ್ತು ಕೂಲಿಯವರದು. ಭೂಸ್ವಾಧೀನ ಬಂದರೆ ಪಹಣಿ ಇದ್ದವನಿಗೆ ಪರಿಹಾರ. ಅದೇ ಹೊಲದಲ್ಲಿ ಕಳೆ ಕಿತ್ತ ನಮ್ಮವ್ವನಿಗೆ? ಇದ್ದ ಕೂಲಿಯೂ ಹೋಯ್ತು, ಕಾಗದದಲ್ಲಿ ಅವಳ ತಲಾ ಆದಾಯ ಮಾತ್ರ ಏರಿತು!

ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ಜನ 1,777 ಎಕರೆ ಉಳಿಸಿಕೊಳ್ಳಲು 2022ರಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಸ್ವಾಧೀನ ಕೈಬಿಡುತ್ತೇವೆ ಎಂದು ಸರ್ಕಾರ ಹೇಳಬೇಕಾಯ್ತು. ಕೂತರೆ ಆಗುತ್ತೆ ಅನ್ನೋದನ್ನು ಅವರು ತೋರಿಸಿದರು. ಆದರೆ ಉಳಿದ ಹೊಲದಲ್ಲೂ ಭೂಮಿಯಿಲ್ಲದವರ ಪಾಲೆಷ್ಟು ಅನ್ನೋ ಪ್ರಶ್ನೆ ಹಾಗೇ ಇದೆ.

ನಾವು ಕಾರ್ಖಾನೆಯ ವಿರೋಧಿಗಳಲ್ಲ. ಬೇಸಾಯದ ಮೇಲಿನ ಜನಭಾರ ಇಳಿಯಬೇಕಾದರೆ ಕೈಗಾರಿಕೆ ಬೆಳೆಯಬೇಕೆಂದು ಬಾಬಾಸಾಹೇಬರು 1918ರಲ್ಲೇ, ಸಣ್ಣ ಹಿಡುವಳಿಗಳ ಕುರಿತ ಪ್ರಬಂಧದಲ್ಲಿ ಬರೆದಿದ್ದರು. ನಾವು ಕೇಳೋದಿಷ್ಟೇ: ಆ ಗೇಟಿನೊಳಕ್ಕೆ ನಾವು ಪೊರಕೆ ಹಿಡಿದೇ ಹೋಗಬೇಕಾ? ಓದಿದ ಓದಿಗೆ ಖಾಯಂ ಕೆಲಸ ಯಾಕಿಲ್ಲ?

ಗೆಳೆಯರೇ, ಈ ಸಲ ರಜಕ್ಕೆ ಊರಿಗೆ ಹೋದಾಗ ನೋಟ್‌ಬುಕ್ ಹಿಡಿದು ಕೇರಿಯ ಮನೆಮನೆ ಸುತ್ತಿ. ಹೊಲಗೂಲಿ ಎಷ್ಟು ಜನ, ಗುತ್ತಿಗೆ ಎಷ್ಟು, ಖಾಯಂ ಎಷ್ಟು, ಭೂಮಿ ಯಾರಿಗಿದೆ, ಬರೆದು ತನ್ನಿ. ಸರಾಸರಿ ಹೇಳೋರ ಮುಂದೆ ಆ ಪಟ್ಟಿ ಇಡೋಣ. ಒಂಬತ್ತು ಮುದ್ದೆ ನುಂಗಿದವನು ಯಾರು ಅಂತ ಆಗ ಕೇಳೋಣ.