ನಿಂದೆ, ಖಂಡನೆ ಮತ್ತು ಯುವಜನತೆ

ಯುದ್ಧವೊಂದನ್ನು ಯುವಜನರ ಪ್ರತಿಭಟನೆ ತಡೆಯಬಲ್ಲುದೆ ಎಂಬ ಪ್ರಶ್ನೆಗೆ ಸಾಮಾನ್ಯವಾಗಿ ದೊರೆಯುವ ಉತ್ತರ ನಕಾರಾತ್ಮಕವಾದುದು. 2003ರ ಫೆಬ್ರವರಿ 15ರಂದು ಜಗತ್ತಿನ ನೂರಾರು ನಗರಗಳಲ್ಲಿ ಜನ ಬೀದಿಗಿಳಿದರು. ಆದರೂ ಮಾರ್ಚ್ 20ರಂದು ಇರಾಕಿನ ಮೇಲೆ ದಾಳಿ ಆರಂಭವಾಯಿತು. ಆದರೆ ಪ್ರತಿಭಟನೆಯ ಫಲವನ್ನು ಇಷ್ಟರಿಂದಲೇ ಅಳೆಯುವುದು ಸರಿಯಲ್ಲ ಎಂಬುದಕ್ಕೆ ಆ ವರ್ಷದ ದೆಹಲಿ ಒಂದು ನಿದರ್ಶನವಾಗಿದೆ.

ಅಟಲ ಬಿಹಾರಿ ವಾಜಪೇಯಿಯವರ ಸರ್ಕಾರ ಆರಂಭದಲ್ಲಿ ಮಧ್ಯಮ ಮಾರ್ಗದ ಮಾತನ್ನಾಡಿತು. ವಿದ್ಯಾರ್ಥಿಗಳೂ ಎಡಪಂಥೀಯ ಪಕ್ಷಗಳೂ ರಾಜಧಾನಿಯಲ್ಲಿ ಯುದ್ಧವಿರೋಧಿ ಮೆರವಣಿಗೆಗಳನ್ನು ನಡೆಸಿದುವು. ಸಂಸತ್ತಿನಲ್ಲಿ ವಿರೋಧ ಪಕ್ಷಗಳು ಸ್ಪಷ್ಟವಾದ ಮಾತಿಗಾಗಿ ಪಟ್ಟು ಹಿಡಿದುವು. ಏಪ್ರಿಲ್‌ನಲ್ಲಿ ಲೋಕಸಭೆ ಒಮ್ಮತದಿಂದ ಅಂಗೀಕರಿಸಿದ ಹಿಂದಿ ನಿರ್ಣಯದಲ್ಲಿ ‘ನಿಂದಾ’ ಎಂಬ ಪದವಿತ್ತು. ಇಂಗ್ಲಿಷಿನಲ್ಲಿ ಅದು ‘ಕಂಡೆಮ್’ ಆಗದೆ ‘ಡಿಪ್ಲೋರ್’ ಆಯಿತು. ಕನ್ನಡದ ಕಿವಿಗೆ ಈ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ: ನಮ್ಮಲ್ಲಿ ನಿಂದೆಯನ್ನು ಮರೆಯಲ್ಲಿಯೂ ಆಡಬಹುದು, ಖಂಡನೆಗೆ ಎದುರು ನಿಲ್ಲಬೇಕಾಗುತ್ತದೆ. ನಿಂದಾಸ್ತುತಿಯನ್ನು ಬಲ್ಲ ಭಾಷೆಗೆ ನಿಂದೆಯೊಳಗೆ ಎಷ್ಟು ಸಡಿಲಿಕೆಯುಂಟೆಂಬುದೂ ಗೊತ್ತು.

ಆದರೂ ಸಾರ್ವಜನಿಕವಾಗಿ ಆಡಿದ ಮಾತು ಆಡಿದವರನ್ನು ಕಟ್ಟಿಹಾಕುತ್ತದೆ. ಕೆಲವೇ ವಾರಗಳಲ್ಲಿ ಅಮೆರಿಕ ಭಾರತದಿಂದ ಒಂದು ಡಿವಿಜನ್‌ನಷ್ಟು ಸೇನೆಯನ್ನು ಬಯಸಿತು. ಕಳುಹಿಸಬೇಕೆನ್ನುವ ವಾದ ದೆಹಲಿಯಲ್ಲಿ ದುರ್ಬಲವಾಗಿರಲಿಲ್ಲ. ಜುಲೈ 14ರಂದು ಸರ್ಕಾರ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿಲ್ಲದೆ ಸೇನೆಯನ್ನು ಕಳುಹಿಸಲಾಗದೆಂದಿತು. ಇದರ ಹಿಂದೆ ರಾಜತಾಂತ್ರಿಕ ಲೆಕ್ಕಾಚಾರವಿದ್ದುದು ನಿಜ. ಆದರೆ ಜನರ ಅಸಮ್ಮತಿಯೂ ಆ ಲೆಕ್ಕದ ಒಂದು ಅಂಕಿಯಾಗಿತ್ತು.

ಅಮೆರಿಕದ ಜನತೆ ಇದೇ ತಿಳಿವಿಗೆ ಬರಲು ವರ್ಷಗಳು ಹಿಡಿದುವು. ಯುದ್ಧಾರಂಭದಲ್ಲಿ ಅಲ್ಲಿ ಹತ್ತರಲ್ಲಿ ಸುಮಾರು ಏಳು ಮಂದಿ ಅದನ್ನು ಬೆಂಬಲಿಸಿದ್ದರು. ಹೇಳಲಾಗಿದ್ದ ಸಮೂಹನಾಶಕ ಅಸ್ತ್ರಗಳು ಸಿಗಲಿಲ್ಲ, ಸಾವುಗಳು ಏರಿದುವು. 2008ರ ವೇಳೆಗೆ ಬೆಂಬಲ ಅರ್ಧಕ್ಕಿಂತ ಕೆಳಗಿಳಿದಿತ್ತು.

ದೆಹಲಿಯ ಇಂಡಿಯಾ ಗೇಟಿನ ಮೇಲೆ, ಭಾರತೀಯ ಸೈನಿಕರು ಮಡಿದ ನೆಲಗಳ ಸಾಲಿನಲ್ಲಿ ‘ಮೆಸೊಪೊಟೇಮಿಯ’ ಎಂಬ ಹೆಸರಿದೆ. ಅದು ಇಂದಿನ ಇರಾಕಿನ ನೆಲವೇ. ಮೊದಲನೆಯ ಮಹಾಯುದ್ಧದಲ್ಲಿ ಅಲ್ಲಿಗೆ ಸೇನೆಯನ್ನು ಕಳುಹಿಸುವಾಗ ಭಾರತದ ಜನರನ್ನು ಯಾರೂ ಕೇಳಿರಲಿಲ್ಲ. 2003ರಲ್ಲಿ ಕೇಳದೆ ಕಳುಹಿಸುವುದು ಸಾಧ್ಯವಾಗಲಿಲ್ಲ. ವಿದ್ಯಾರ್ಥಿಗಳ ಘೋಷಣೆ ಒರಟಾಗಿರಬಹುದು. ಆದರೆ ಆಳುವವರ ನಯವಾದ ಪದಕ್ಕೆ ತೂಕ ತರುವುದು ಆ ಒರಟು ದನಿಯೇ ಎಂಬುದನ್ನು ವಿಶ್ವವಿದ್ಯಾಲಯಗಳಾದರೂ ಮರೆಯಬಾರದು.