ಕೂಲಿಂಗ್ ಟವರ್‌ನಿಂದ ಏಳುವ ಬಿಳಿ ‘ಹೊಗೆ’ ವಿಷವೇ? ಫಾರ್ವರ್ಡ್ ಮಾಡುವ ಮುನ್ನ ಓದಿ

ದೈತ್ಯ ಗೋಪುರದ ಬಾಯಿಂದ ದಟ್ಟವಾಗಿ ಏಳುವ ಬಿಳಿ ಮೋಡ, ಕೆಳಗೆ ‘ವಿಷ ಹೊಗೆ, ಎಲ್ಲರಿಗೂ ಕಳುಹಿಸಿ’ ಎಂಬ ಸಾಲು. ಇಂಥ ಚಿತ್ರ ನಿಮ್ಮ ಮೊಬೈಲಿಗೂ ಬಂದಿರಬಹುದು. ಇದು ಎಷ್ಟು ನಿಜ? ನೋಡೋಣ.

ಗಡಿಗೆಯ ಗುಟ್ಟು

ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ತುಂಗಭದ್ರೆಯ ದಂಡೆಯ ಊರು. ನದಿ ಪಕ್ಕದಲ್ಲೇ ಇದ್ದರೂ ಬೇಸಿಗೆಯಲ್ಲಿ ಅಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗಲೂ ಮಣ್ಣಿನ ಗಡಿಗೆಯ ನೀರು ತಣ್ಣಗಿರುತ್ತದೆ. ಗಡಿಗೆಯ ಮೈಯಿಂದ ಜಿನುಗುವ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತೊಯ್ಯುವುದೇ ಇದಕ್ಕೆ ಕಾರಣ. 1 ಲೀಟರ್ ನೀರು ಆವಿಯಾದರೆ, 100 ಲೀಟರ್ ನೀರು 5ರಿಂದ 6 ಡಿಗ್ರಿಯಷ್ಟು ತಣ್ಣಗಾಗುತ್ತದೆ.

ಕೂಲಿಂಗ್ ಟವರ್ ಎಂದರೆ ದೊಡ್ಡ ಗಡಿಗೆ ಎಂದುಕೊಳ್ಳಿ. ಕೋಲ್ಡ್ ಸ್ಟೋರೇಜ್ ಅಥವಾ ಐಸ್ ಫ್ಯಾಕ್ಟರಿಯಲ್ಲಿ ಒಳಗಿನ ಶಾಖವನ್ನು ಹೀರಿಕೊಂಡ ಗ್ಯಾಸ್, ಕಂಡೆನ್ಸರ್‌ನಲ್ಲಿ ಅದನ್ನು ನೀರಿಗೆ ಕೊಟ್ಟು ದ್ರವವಾಗುತ್ತದೆ. ಬಿಸಿಯಾದ ಆ ನೀರನ್ನು ಟವರ್‌ನ ಮೇಲಿಂದ ಹನಿಹನಿಯಾಗಿ ಸುರಿಯುತ್ತಾರೆ. ಗಾಳಿ ತಾಗಿ ಒಂದಿಷ್ಟು ನೀರು ಆವಿಯಾಗುತ್ತದೆ, ಉಳಿದದ್ದು ತಣ್ಣಗಾಗಿ ಮತ್ತೆ ಕಂಡೆನ್ಸರ್‌ಗೆ ಹೋಗುತ್ತದೆ. ನಮ್ಮ ಕಡೆಯ ಒಣಗಾಳಿಯಲ್ಲಿ, ಹೊರಗೆ 42 ಡಿಗ್ರಿ ಇದ್ದರೂ ಈ ನೀರು 30ರ ಆಸುಪಾಸಿಗೆ ಇಳಿಯಬಲ್ಲದು. ಕಂಪ್ರೆಸರ್‌ಗೆ ಶ್ರಮ ಕಡಿಮೆ, ಕರೆಂಟ್ ಬಿಲ್ಲೂ ಕಡಿಮೆ.

ಹಾಗಾದರೆ ಆ ಬಿಳಿ ಮೋಡ?

ಅದು ಹೊಗೆಯಲ್ಲ. ಟವರ್‌ನೊಳಗೆ ಏನೂ ಉರಿಯುವುದಿಲ್ಲ. ತೇವ ತುಂಬಿದ ಗಾಳಿ ಹೊರಗೆ ತಣಿದಾಗ ಸಣ್ಣ ಹನಿಗಳಾಗಿ ಕಾಣುತ್ತದೆ. ಚಳಿಗಾಲದ ಬೆಳಗಿನಲ್ಲಿ ಅದು ದಟ್ಟವಾಗಿ ಕಾಣುವುದು ಇದರಿಂದಲೇ.

ಕೃಷ್ಣಾ ತೀರದ ಶಕ್ತಿನಗರದಲ್ಲಿ 1985ರಲ್ಲಿ ಉತ್ಪಾದನೆ ಆರಂಭಿಸಿದ, 1,720 ಮೆಗಾವಾಟ್ ಸಾಮರ್ಥ್ಯದ ರಾಯಚೂರು ಶಾಖೋತ್ಪನ್ನ ಕೇಂದ್ರವನ್ನೇ ನೋಡಿ. ಅಲ್ಲಿ ಟರ್ಬೈನ್ ತಿರುಗಿಸಿದ ಹಬೆಯನ್ನು ಮತ್ತೆ ನೀರಾಗಿಸಲು ಕಂಡೆನ್ಸರ್ ಬೇಕು. ಕಲ್ಲಿದ್ದಲಿನ ಹೊಗೆ ಹೋಗುವುದು ಎತ್ತರದ, ಸಪೂರ ಚಿಮಣಿಯಿಂದ. ನಡು ಸಣ್ಣಗಾಗಿ ಬಾಯಿ ಅಗಲವಾದ ಗೋಪುರ ಕಂಡರೆ ಅದು ಕೂಲಿಂಗ್ ಟವರ್.

ಚಿಂತಿಸಬೇಕಾದದ್ದು ಯಾವುದು?

ಎಲ್ಲವೂ ಸರಿ ಎಂದು ನಾವು ಹೇಳುತ್ತಿಲ್ಲ. ಚಿಮಣಿಯ ಹೊಗೆ ಮತ್ತು ಹಾರುಬೂದಿ ನಿಜವಾದ ಸಮಸ್ಯೆ. ಆವಿಯಾಗಿ ಹೋದಷ್ಟು ನೀರನ್ನು ಮತ್ತೆ ತುಂಬಬೇಕು. ಬರದ ವರ್ಷ ಅದು ಸಣ್ಣ ಮಾತಲ್ಲ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಸ್ವಚ್ಛವಿಲ್ಲದ ಟವರ್‌ನ ಬೆಚ್ಚಗಿನ ನೀರಿನಲ್ಲಿ ಲೀಜನೆಲ್ಲಾ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ಅದಿರುವ ತುಂತುರನ್ನು ಉಸಿರಾಡಿದರೆ ಗಂಭೀರ ನ್ಯುಮೋನಿಯಾ ಬರುವ ಸಾಧ್ಯತೆಯಿದೆ. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಈ ಕಾಯಿಲೆ ಹಲವರ ಜೀವ ತೆಗೆದ ಮೇಲೆಯೇ ಜಗತ್ತಿಗೆ ಇದರ ಪರಿಚಯವಾಯಿತು. ಆದ್ದರಿಂದ ಟವರ್ ಇರುವ ಆಸ್ಪತ್ರೆ, ಮಾಲ್, ಕಾರ್ಖಾನೆಗಳು ಅದನ್ನು ನಿಯಮಿತವಾಗಿ ತೊಳೆದು, ನೀರನ್ನು ಸಂಸ್ಕರಿಸಲೇಬೇಕು.

ಮುಂದಿನ ಸಲ ಇಂಥ ಚಿತ್ರ ಬಂದರೆ, ಅದು ಚಿಮಣಿಯೋ ಟವರೋ ಎಂದು ಮೊದಲು ನೋಡಿ. ಟವರ್ ಆಗಿದ್ದರೆ ‘ವಿಷ ಹೊಗೆ’ ಎಂದು ಹಂಚಬೇಡಿ. ‘ಇದನ್ನು ಕೊನೆಯ ಬಾರಿ ತೊಳೆದದ್ದು ಯಾವಾಗ?’ ಎಂದು ಸಂಬಂಧಪಟ್ಟವರನ್ನು ಕೇಳಿ. ಉಪಯೋಗಕ್ಕೆ ಬರುವ ಪ್ರಶ್ನೆ ಅದು.